ಪ್ರೋಗ್ರಾಂ ನಿಧಾನ, ಮೆಮೊರಿ ಜಾಸ್ತಿ: ಅಳತೆ ಎಲ್ಲಿ ದಾರಿ ತಪ್ಪುತ್ತದೆ?

ಕೆಲವು ವರ್ಷಗಳ ಹಿಂದೆ ವರದಿ ತಯಾರಿಸುವ ಒಂದು ಪ್ರೋಗ್ರಾಂ ನನ್ನ ಕೈಗೆ ಬಂತು. ಒಂದು ಸಲ ಓಡಿಸಿದರೆ 40 ಸೆಕೆಂಡಿಗೂ ಜಾಸ್ತಿ ಹಿಡಿಯುತ್ತಿತ್ತು. ಕೋಡ್ ತೆರೆದ ಕೂಡಲೇ ಒಂದು ಲೂಪ್ ಕಣ್ಣಿಗೆ ಬಿತ್ತು. ಲೂಪಿನೊಳಗೆ ಇನ್ನೊಂದು ಲೂಪ್, ಅದರೊಳಗೆ ಸ್ಟ್ರಿಂಗ್ ಜೋಡಣೆ. ಕಳ್ಳ ಸಿಕ್ಕಿದ ಅಂದುಕೊಂಡು ಎರಡು ದಿನ ಕೂತು ಅದನ್ನು ತಿದ್ದಿದೆ. ಮತ್ತೆ ಓಡಿಸಿದೆ. 39 ಸೆಕೆಂಡ್! ಆಮೇಲೆ ಟರ್ಮಿನಲ್‌ನಲ್ಲಿ ಟೈಮ್ ಕಮಾಂಡ್ ಹಾಕಿ ಓಡಿಸಿದಾಗ ಬಂದದ್ದು ಇದು:

ರಿಯಲ್ 39.2 ಸೆ
ಯೂಸರ್ 2.8 ಸೆ
ಸಿಸ್ 0.4 ಸೆ

ಸಿಪಿಯು ದುಡಿದದ್ದು ಒಟ್ಟು 3.2 ಸೆಕೆಂಡ್. ಉಳಿದ 36 ಸೆಕೆಂಡ್ ಪ್ರೋಗ್ರಾಂ ಸುಮ್ನೆ ಕಾಯುತ್ತಾ ಕೂತಿತ್ತು. ಪ್ರತಿ ಸಾಲಿಗೂ ಡೇಟಾಬೇಸಿಗೆ ಒಂದೊಂದು ಕ್ವೆರಿ ಕಳಿಸಿ, ಉತ್ತರ ಬರುವವರೆಗೆ ನಿಂತು, ಮುಂದಿನ ಸಾಲಿಗೆ ಹೋಗುತ್ತಿತ್ತು. ಆ ಸಾವಿರಾರು ಕ್ವೆರಿಗಳನ್ನು ಒಂದೇ ಕ್ವೆರಿಗೆ ತಂದ ಮೇಲೆ ಇಡೀ ಕೆಲಸ 4 ಸೆಕೆಂಡಿಗೆ ಮುಗಿಯಿತು. ನಾನು ಎರಡು ದಿನ ತಿದ್ದಿದ ಲೂಪ್ ಆ 2.8 ಸೆಕೆಂಡಿನ ಒಳಗೆ ಎಲ್ಲೋ ಇತ್ತು.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಟೈಮ್ ಆಗಲಿ ಮೆಮೊರಿ ಆಗಲಿ, ಅಂಕೆ ಕಂಡ ಕೂಡಲೇ ಅದು ಯಾವ ಪ್ರಶ್ನೆಗೆ ಉತ್ತರ ಅಂತ ಮೊದಲು ಕೇಳುತ್ತೇನೆ. ಈ ಕೈಪಿಡಿಯನ್ನೂ ಅದೇ ದಾರಿಯಲ್ಲಿ ಬರೆದಿದ್ದೇನೆ. ಲಕ್ಷಣ ಮೊದಲು, ಕಾರಣ ಆಮೇಲೆ. ಉದಾಹರಣೆಗಳು ಹೆಚ್ಚಾಗಿ ಲಿನಕ್ಸ್ ಮತ್ತು ಪೈಥಾನ್‌ನವು. ಬೇರೆ ಭಾಷೆಗಳಲ್ಲಿ ಹೆಸರು ಬದಲಾಗುತ್ತದೆ, ತೊಂದರೆ ಅದೇ ಇರುತ್ತದೆ.

ಮೊದಲು ಆ ಮೂರು ಸಾಲು ಓದಿ

ಟೈಮ್ ಕಮಾಂಡ್ ಕೊಡುವ ಮೂರು ಸಾಲುಗಳಲ್ಲಿ ಬಹಳ ಜನ ಮೊದಲನೆಯದನ್ನು ಮಾತ್ರ ನೋಡುತ್ತಾರೆ. ರಿಯಲ್ ಅಂದರೆ ಗೋಡೆ ಗಡಿಯಾರದಲ್ಲಿ ಕಳೆದ ಸಮಯ. ಯೂಸರ್ ಅಂದರೆ ಸಿಪಿಯು ನಿಮ್ಮ ಕೋಡನ್ನು ಓಡಿಸಲು ಕಳೆದ ಸಮಯ. ಸಿಸ್ ಅಂದರೆ ನಿಮ್ಮ ಪ್ರೋಗ್ರಾಂ ಪರವಾಗಿ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೆಲಸ ಮಾಡಿದ ಸಮಯ. ಫೈಲ್ ಓದುವುದು, ಮೆಮೊರಿ ಕೊಡುವುದು, ನೆಟ್‌ವರ್ಕ್‌ಗೆ ಬರೆಯುವುದು ಎಲ್ಲ ಇದರಲ್ಲಿ ಬರುತ್ತದೆ. ಈ ಮೂರರ ನಡುವಿನ ಸಂಬಂಧದಲ್ಲೇ ಅರ್ಧ ರೋಗನಿರ್ಣಯ ಮುಗಿದಿರುತ್ತದೆ.

ರಿಯಲ್ ದೊಡ್ಡದಿದ್ದು, ಯೂಸರ್ ಮತ್ತು ಸಿಸ್ ಸೇರಿದರೂ ಅದರ ಹತ್ತಿರ ಬರದಿದ್ದರೆ ಪ್ರೋಗ್ರಾಂ ಕಾಯುತ್ತಿದೆ. ಡಿಸ್ಕಿಗೆ, ನೆಟ್‌ವರ್ಕ್‌ಗೆ, ಡೇಟಾಬೇಸಿಗೆ, ಯಾವುದೋ ಲಾಕ್‌ಗೆ, ಇಲ್ಲವೇ ಕೋಡಿನಲ್ಲಿ ಯಾರೋ ಬರೆದು ಮರೆತ ಸ್ಲೀಪ್‌ಗೆ. ಇಲ್ಲಿ ಆಲ್ಗರಿದಮ್ ಬದಲಿಸಿ ಪ್ರಯೋಜನವಿಲ್ಲ. ಎಲ್ಲಿ ಕಾಯುತ್ತಿದೆ ಅಂತ ಹುಡುಕಲು ಲಿನಕ್ಸ್‌ನಲ್ಲಿ ಎಸ್‌ಟ್ರೇಸ್ ಇದೆ. ಅದರ 'ಸಿ' ಆಯ್ಕೆ ಪ್ರತಿ ಸಿಸ್ಟಮ್ ಕಾಲ್‌ಗೆ, ಅಂದರೆ ಪ್ರೋಗ್ರಾಂ ಕರ್ನಲ್‌ಗೆ ಕೊಡುವ ಕೋರಿಕೆಗೆ, ಎಷ್ಟು ಸಮಯ ಹೋಯಿತು ಅಂತ ಪಟ್ಟಿ ಕೊಡುತ್ತದೆ. ಇಲ್ಲಿ ಒಂದು ಮಾತು ನೆನಪಿಡಿ. 'ಸಿ' ಒಂದನ್ನೇ ಕೊಟ್ಟರೆ ಅದು ಲೆಕ್ಕ ಹಾಕುವುದು ಕರ್ನಲ್ ಬಳಸಿದ ಸಿಪಿಯು ಸಮಯವನ್ನು. ಕಾದ ಸಮಯ ಅದರಲ್ಲಿ ಬರುವುದಿಲ್ಲ. ಕಾಯುವ ರೋಗಕ್ಕೆ ಅದರ ಜೊತೆ ಸಣ್ಣಕ್ಷರದ 'ಡಬ್ಲ್ಯೂ' ಆಯ್ಕೆಯನ್ನೂ ಸೇರಿಸಿ, ಆಗ ಗೋಡೆ ಗಡಿಯಾರದ ಲೆಕ್ಕ ಸಿಗುತ್ತದೆ. ಇದು ಗೊತ್ತಿಲ್ಲದೆ "ಎಸ್‌ಟ್ರೇಸ್‌ನಲ್ಲಿ ಏನೂ ಕಾಣುತ್ತಿಲ್ಲ" ಅಂತ ಕೈಬಿಟ್ಟವರನ್ನು ನೋಡಿದ್ದೇನೆ.

ಯೂಸರ್ ಮತ್ತು ರಿಯಲ್ ಹೆಚ್ಚುಕಡಿಮೆ ಒಂದೇ ಇದ್ದರೆ ನಿಮ್ಮ ಕೋಡೇ ಸಿಪಿಯುವನ್ನು ತಿನ್ನುತ್ತಿದೆ. ಆಗ ಪ್ರೊಫೈಲರ್ (ಯಾವ ಫಂಕ್ಷನ್ ಎಷ್ಟು ಸಮಯ ತಿಂದಿತು ಅಂತ ತೋರಿಸುವ ಸಾಧನ) ಹಿಡಿಯಿರಿ, ಅದರ ಮಾತು ಮುಂದೆ ಬರುತ್ತದೆ.

ಯೂಸರ್ ರಿಯಲ್‌ಗಿಂತ ದೊಡ್ಡದಾಗಿ ಬಂದರೆ ಗಾಬರಿ ಬೇಡ. 4 ಕೋರ್‌ಗಳು 10 ಸೆಕೆಂಡ್ ಪೂರ್ತಿ ದುಡಿದರೆ ಯೂಸರ್ 40 ಸೆಕೆಂಡ್ ಅಂತಲೇ ತೋರಿಸುತ್ತದೆ. ನೀವು ಒಂದೇ ಥ್ರೆಡ್ (ಪ್ರೋಗ್ರಾಂ ಒಳಗೆ ಪ್ರತ್ಯೇಕವಾಗಿ ಓಡುವ ಕೆಲಸದ ಎಳೆ) ಬರೆದಿದ್ದರೂ ಹೀಗೆ ಬರಬಹುದು, ಯಾಕೆಂದರೆ ಪೈಥಾನ್‌ನ ಲೆಕ್ಕದ ಲೈಬ್ರರಿ ನಮ್‌ಪೈ ಕೆಳಗಿರುವ ಲೀನಿಯರ್ ಆಲ್ಜಿಬ್ರಾ ಲೈಬ್ರರಿಗಳು ತಾವಾಗಿಯೇ ಥ್ರೆಡ್ ಹುಟ್ಟಿಸುತ್ತವೆ. ಎರಡು ಆಲ್ಗರಿದಮ್ ಹೋಲಿಸುವಾಗ ಇದು ದೊಡ್ಡ ಮೋಸ ಮಾಡುತ್ತದೆ. ಒಂದು ಒಂಟಿ ಕೋರ್‌ನಲ್ಲಿ ಓಡಿದರೆ ಇನ್ನೊಂದು 8 ಕೋರ್‌ನಲ್ಲಿ ಓಡಿರುತ್ತದೆ. ಥ್ರೆಡ್ ಸಂಖ್ಯೆಯನ್ನು 1ಕ್ಕೆ ಕಟ್ಟಿಹಾಕಿ ಮತ್ತೆ ಅಳೆಯಿರಿ.

ಸಿಸ್ ಮಾತ್ರ ದೊಡ್ಡದಿದ್ದರೆ? ಬಫರ್ ಇಲ್ಲದೆ ಒಂದೊಂದೇ ಬೈಟ್ ಓದುವುದು ಅಥವಾ ಬರೆಯುವುದು ಇದಕ್ಕೆ ಸಾಮಾನ್ಯ ಕಾರಣ. ದೊಡ್ಡ ಮೆಮೊರಿಯನ್ನು ಪದೇ ಪದೇ ಪಡೆದು ಬಿಡುವುದು ಇನ್ನೊಂದು.

ಸಮಯ ಸೊನ್ನೆ ಬರುತ್ತಿದೆ, ಒಮ್ಮೊಮ್ಮೆ ಮೈನಸ್ ಬರುತ್ತಿದೆ

ಕೋಡಿನೊಳಗೇ ಆರಂಭ ಮತ್ತು ಅಂತ್ಯದ ಸಮಯ ಹಿಡಿದು ಕಳೆಯುವುದು ಎಲ್ಲರೂ ಮಾಡುವ ಕೆಲಸ. ಯಾವ ಗಡಿಯಾರ ಹಿಡಿದಿರಿ ಅನ್ನುವುದು ಇಲ್ಲಿ ಮುಖ್ಯ.

ತಾರೀಖು ತೋರಿಸುವ ಗಡಿಯಾರವನ್ನು ಕಂಪ್ಯೂಟರ್ ಆಗಾಗ ಸರಿಪಡಿಸಿಕೊಳ್ಳುತ್ತಲೇ ಇರುತ್ತದೆ. ಸರಿಯಾದ ಸಮಯ ಹೇಳುವ ಎನ್‌ಟಿಪಿ ಸರ್ವರ್ ಕೇಳಿ ಮುಂದೆ ತಳ್ಳಬಹುದು, ಹಿಂದೆಯೂ ಎಳೆಯಬಹುದು. ನಿಮ್ಮ ಅಳತೆಯ ನಡುವೆ ಅದು ಹಿಂದೆ ಹೋದರೆ ಉತ್ತರ ಮೈನಸ್. ಇದು ಕಾಗದದ ಮೇಲಿನ ಭಯ ಅಲ್ಲ. 2016ರ ಕೊನೆಗೆ ಒಂದು ಲೀಪ್ ಸೆಕೆಂಡ್ (ಭೂಮಿಯ ತಿರುಗುವಿಕೆಗೆ ಹೊಂದಿಸಲು ಗಡಿಯಾರಕ್ಕೆ ಸೇರಿಸುವ ಹೆಚ್ಚುವರಿ ಸೆಕೆಂಡ್) ಸೇರಿಸಿದಾಗ, ಅಂದರೆ 2017ರ ಹೊಸವರ್ಷದ ಮೊದಲ ಕ್ಷಣದಲ್ಲಿ, ಇಂಟರ್ನೆಟ್ ಸೇವೆಯ ಕಂಪನಿ ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ) ಸಾಫ್ಟ್‌ವೇರ್ ಕೆಲವು ಸರ್ವರ್‌ಗಳಲ್ಲಿ ಬಿದ್ದುಹೋಯಿತು. ಕಳೆದ ಸಮಯ ಸೊನ್ನೆಗಿಂತ ಕಡಿಮೆ ಆಗುವುದಿಲ್ಲ ಅಂತ ನಂಬಿ ಬರೆದ ಗೋ ಭಾಷೆಯ ಕೋಡ್ ಅದು. ಅದೇ ವರ್ಷ ಬಂದ ಗೋ 1.9ರಲ್ಲಿ ಹಿಂದೆ ಹೋಗದ ಗಡಿಯಾರವನ್ನು ಭಾಷೆಯ ಟೈಮ್ ಪ್ಯಾಕೇಜಿನೊಳಗೇ ಸೇರಿಸಿದರು.

ಹಿಂದೆ ಹೋಗದ ಈ ಗಡಿಯಾರಕ್ಕೆ ಮೊನೊಟಾನಿಕ್ ಗಡಿಯಾರ ಅನ್ನುತ್ತಾರೆ. ಪೈಥಾನ್‌ನಲ್ಲಿ ಟೈಮ್ ಮಾಡ್ಯೂಲಿನ 'ಟೈಮ್' ಫಂಕ್ಷನ್ ಬಿಟ್ಟು 'ಪರ್ಫ್ ಕೌಂಟರ್' ಬಳಸಿ. ಬರಿ ಸಿಪಿಯು ಸಮಯ ಬೇಕಾದರೆ 'ಪ್ರೊಸೆಸ್ ಟೈಮ್' ಇದೆ, ಅದು ಸ್ಲೀಪ್ ಮಾಡಿದ ಸಮಯವನ್ನು ಎಣಿಸುವುದಿಲ್ಲ. ಎರಡೂ ಪೈಥಾನ್ 3.3ರಲ್ಲಿ ಬಂದವು. ಹಳೆ ಪಾಠಗಳಲ್ಲಿ ಕಾಣುವ 'ಕ್ಲಾಕ್' ಫಂಕ್ಷನ್ 3.8ರಲ್ಲಿ ಹೋಯಿತು, ಆ ಎರರ್ ಬಂದರೆ ಈ ಎರಡರಲ್ಲಿ ಒಂದನ್ನು ಹಾಕಿ. ಜಾವಾದಲ್ಲಿ 'ಕರೆಂಟ್ ಟೈಮ್ ಮಿಲಿಸ್' ಬದಲು 'ನ್ಯಾನೊ ಟೈಮ್'. ಸಿ ಭಾಷೆಯಲ್ಲಿ ಲಿನಕ್ಸ್ ಮೇಲಾದರೆ 'ಕ್ಲಾಕ್ ಗೆಟ್‌ಟೈಮ್'ಗೆ ಮೊನೊಟಾನಿಕ್ ಅಂತ ಕೊಡಿ.

ಸಿ ಭಾಷೆಯ 'ಕ್ಲಾಕ್' ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಲಿನಕ್ಸ್‌ನಲ್ಲಿ ಅದು ಸಿಪಿಯು ಸಮಯ ಕೊಡುತ್ತದೆ. ಮೈಕ್ರೋಸಾಫ್ಟ್ ಕಂಪೈಲರ್ ಜೊತೆ ಬರುವ ಲೈಬ್ರರಿಯಲ್ಲಿ ಅದೇ ಹೆಸರಿನ ಫಂಕ್ಷನ್ ಗೋಡೆ ಗಡಿಯಾರದ ಸಮಯ ಕೊಡುತ್ತದೆ. ಒಂದೇ ಕೋಡ್, ಎರಡು ಯಂತ್ರ, ಎರಡು ಬೇರೆ ಬೇರೆ ಪ್ರಶ್ನೆಗೆ ಉತ್ತರ. "ವಿಂಡೋಸ್‌ನಲ್ಲಿ ನಿಧಾನ, ಲಿನಕ್ಸ್‌ನಲ್ಲಿ ವೇಗ" ಅನ್ನುವ ಕೆಲವು ದೂರುಗಳ ಮೂಲ ಇಷ್ಟೇ ಇರುತ್ತದೆ.

ಇನ್ನು ಸೊನ್ನೆಯ ಕಥೆ. ಅಳತೆಯಲ್ಲಿ 0, 15.6, 31.2 ಮಿಲಿಸೆಕೆಂಡ್ ಮಾತ್ರ ಬರುತ್ತಿದ್ದು ನಡುವಿನ ಅಂಕೆ ಯಾವುದೂ ಬರುತ್ತಿಲ್ಲ ಅಂದರೆ ಗಡಿಯಾರದ ಮುಳ್ಳೇ ಅಷ್ಟು ದೊಡ್ಡ ಹೆಜ್ಜೆ ಇಡುತ್ತಿದೆ ಅಂತ ಅರ್ಥ. ವಿಂಡೋಸ್‌ನ ಸಾಮಾನ್ಯ ಟಿಕ್ ಸುಮಾರು 15.6 ಮಿಲಿಸೆಕೆಂಡಿನದು. ಅಲ್ಲಿ 'ಕ್ವೆರಿ ಪರ್ಫಾರ್ಮೆನ್ಸ್ ಕೌಂಟರ್' ಬಳಸಿ. ಅಷ್ಟಾದರೂ ಕೆಲಸ ತೀರಾ ಚಿಕ್ಕದಿದ್ದರೆ ಅದನ್ನೇ ಲಕ್ಷ ಸಲ ಮಾಡಿಸಿ ಭಾಗಿಸಿ.

ನಂಬಲಾರದಷ್ಟು ವೇಗ

ನಿಧಾನ ಬಂದರೆ ಎಲ್ಲರೂ ಅನುಮಾನ ಪಡುತ್ತಾರೆ. ವೇಗ ಬಂದರೆ ಖುಷಿಪಟ್ಟು ಮುಂದೆ ಹೋಗುತ್ತಾರೆ. ವೇಗ ಬಂದಾಗಲೇ ಜಾಸ್ತಿ ಅನುಮಾನ ಬೇಕು ಅನ್ನುವುದು ನನ್ನ ಅನುಭವ.

ಸಿ ಅಥವಾ ಸಿ++ನಲ್ಲಿ ಕೋಟಿ ಸಲ ತಿರುಗುವ ಲೂಪ್ ಕ್ಷಣದಲ್ಲಿ ಮುಗಿಯಿತೇ? ಲೆಕ್ಕದ ಉತ್ತರವನ್ನು ಎಲ್ಲಿಯೂ ಬಳಸಿಲ್ಲ ಅಂತ ಕಂಪೈಲರ್ ಕಂಡುಕೊಂಡು ಲೂಪನ್ನೇ ಕಿತ್ತುಹಾಕಿರುತ್ತದೆ. ಉತ್ತರವನ್ನು ಕೊನೆಗೆ ಪ್ರಿಂಟ್ ಮಾಡಿ, ಆಗ ಅದು ಲೂಪನ್ನು ಸುಮ್ನೆ ಬಿಸಾಕಲು ಆಗುವುದಿಲ್ಲ. ಆಪ್ಟಿಮೈಸೇಶನ್ (ಕಂಪೈಲರ್ ಮಾಡುವ ವೇಗದ ತಿದ್ದುಪಡಿ) ಆಫ್ ಮಾಡಿ ಅಳೆಯುವುದು ಇದಕ್ಕೆ ಪರಿಹಾರ ಅಲ್ಲ. ಜನ ಬಳಸುವುದು ಆಪ್ಟಿಮೈಸ್ ಆದ ಪ್ರೋಗ್ರಾಂ, ಅಳೆಯಬೇಕಾದದ್ದೂ ಅದನ್ನೇ.

ಪೈಥಾನ್‌ನಲ್ಲಿ ಮ್ಯಾಪ್, ಜನರೇಟರ್ ಇವು ಕೇಳಿದಾಗ ಮಾತ್ರ ಕೆಲಸ ಮಾಡುತ್ತವೆ. ಸುಮ್ನೆ ಕರೆದು ಸಮಯ ಅಳೆದರೆ "ಆಮೇಲೆ ಮಾಡುತ್ತೇನೆ" ಅನ್ನುವ ಮಾತಿನ ಸಮಯ ಅಳೆದಂತೆ. ಲಿಸ್ಟ್ ಮಾಡಿಸಿ ಅಳೆಯಿರಿ. ಜಿಪಿಯು ಮೇಲೂ ಹೀಗೆಯೇ. ಎನ್‌ವಿಡಿಯಾ ಜಿಪಿಯುಗಳಿಗೆ ಪ್ರೋಗ್ರಾಂ ಬರೆಯುವ 'ಕೂಡಾ' ವ್ಯವಸ್ಥೆಯಲ್ಲಿ ಕೆಲಸವನ್ನು ಸಾಲಿನಲ್ಲಿ ನಿಲ್ಲಿಸಿ ಸಿಪಿಯು ತಕ್ಷಣ ವಾಪಸ್ ಬರುತ್ತದೆ. ಗಡಿಯಾರ ನಿಲ್ಲಿಸುವ ಮೊದಲು ಸಿಂಕ್ರೊನೈಸ್ ಕರೆಯದಿದ್ದರೆ ಕೆಲಸ ಕೊಟ್ಟ ಸಮಯ ಸಿಗುತ್ತದೆ, ಮಾಡಿದ ಸಮಯ ಸಿಗುವುದಿಲ್ಲ.

ಒಂದೊಂದು ಸಲ ಒಂದೊಂದು ಸಮಯ

ಮೊದಲ ಸಲ 8 ಸೆಕೆಂಡ್, ಎರಡನೇ ಸಲ 2 ಸೆಕೆಂಡ್, ಆಮೇಲೆ 2 ಸೆಕೆಂಡೇ ಬರುತ್ತಿದ್ದರೆ ಫೈಲುಗಳು ಪೇಜ್ ಕ್ಯಾಶ್‌ಗೆ (ಓದಿದ ಫೈಲುಗಳನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಬಂದು ಕೂತಿವೆ. ಮೊದಲ ಸಲ ಡಿಸ್ಕಿನಿಂದ, ಆಮೇಲೆ ಮೆಮೊರಿಯಿಂದ ಓದುತ್ತಿದೆ. ಎರಡೂ ನಿಜವಾದ ಅಳತೆಗಳೇ. ಬಳಸುವವರು ದಿನಕ್ಕೊಮ್ಮೆ ಓಡಿಸುತ್ತಾರೆ ಅಂದರೆ ಮೊದಲನೆಯ ಅಂಕೆ ಅವರದು. ದಿನವಿಡೀ ಓಡುವ ಸರ್ವರ್ ಆದರೆ ಎರಡನೆಯದು. ಯಾವುದು ಬೇಕು ಅಂತ ನೀವೇ ತೀರ್ಮಾನಿಸಬೇಕು. ಮೊದಲನೆಯದೇ ಬೇಕಾದರೆ ಲಿನಕ್ಸ್‌ನ 'ಡ್ರಾಪ್ ಕ್ಯಾಶಸ್' ಕಡತಕ್ಕೆ ರೂಟ್ ಆಗಿ 3 ಅಂತ ಬರೆದು ಕ್ಯಾಶ್ ಖಾಲಿ ಮಾಡಿ ಓಡಿಸಿ. ಬೇರೆಯವರೂ ಬಳಸುವ ಸರ್ವರ್ ಮೇಲೆ ಮಾತ್ರ ಇದನ್ನು ಮಾಡಬೇಡಿ, ಎಲ್ಲರ ಕೆಲಸವೂ ಸ್ವಲ್ಪ ಹೊತ್ತು ನಿಧಾನವಾಗುತ್ತದೆ.

ಜಾವಾದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಜಾವಾ ಪ್ರೋಗ್ರಾಂ ಓಡಿಸುವ ಹಾಟ್‌ಸ್ಪಾಟ್ ಮೊದಲು ಬೈಟ್‌ಕೋಡನ್ನು ಇಂಟರ್‌ಪ್ರಿಟ್ ಮಾಡುತ್ತದೆ, ಅಂದರೆ ಒಂದೊಂದೇ ಆದೇಶ ಓದಿ ನಡೆಸುತ್ತದೆ. ಪದೇ ಪದೇ ಓಡುವ ಭಾಗವನ್ನು ಗುರುತಿಸಿ ಆಮೇಲೆ ಯಂತ್ರಭಾಷೆಗೆ ಕಂಪೈಲ್ ಮಾಡುತ್ತದೆ. ಮೊದಲ ಕೆಲವು ಸಾವಿರ ಸುತ್ತುಗಳ ಅಂಕೆ ಹಿಡಿದು ಜಾವಾ ನಿಧಾನ ಅಂದುಬಿಟ್ಟರೆ ಅನ್ಯಾಯ. ಜೆಎಂಎಚ್ ಅನ್ನುವ ಸಾಧನ ಈ ವಾರ್ಮಪ್ ಸುತ್ತುಗಳನ್ನು ಬೇರೆ ಇಟ್ಟೇ ಅಳೆಯುತ್ತದೆ, ಸ್ವಂತ ಲೂಪ್ ಬರೆಯುವ ಬದಲು ಅದನ್ನೇ ಬಳಸಿ.

ಏರುಪೇರಿಗೆ ಕ್ರಮವೇ ಇಲ್ಲ ಅಂದರೆ ಯಂತ್ರದ ಕಡೆ ನೋಡಿ. ಲ್ಯಾಪ್‌ಟಾಪ್ ಬ್ಯಾಟರಿ ಮೇಲಿದೆಯಾ? ಬಿಸಿಯಾಗಿ ಸಿಪಿಯು ತನ್ನ ವೇಗ ತಗ್ಗಿಸಿಕೊಂಡಿದೆಯಾ? ಹಿಂದೆ ಬ್ರೌಸರ್ ತೆರೆದಿದೆಯಾ? ವರ್ಚುವಲ್ ಮಷೀನ್ ಆದರೆ ಟಾಪ್ ಕಮಾಂಡಿನಲ್ಲಿ 'ಎಸ್‌ಟಿ' ಅನ್ನುವ ಅಂಕಣ ನೋಡಿ. ನಿಮಗೆ ಸಿಗಬೇಕಾದ ಸಿಪಿಯುವನ್ನು ಪಕ್ಕದ ಮಷೀನ್ ಎಷ್ಟು ತೆಗೆದುಕೊಂಡಿತು ಅಂತ ಅದು ಹೇಳುತ್ತದೆ.

ಹಾಗಾದರೆ ಯಾವ ಅಂಕೆ ಬರೆದುಕೊಳ್ಳಬೇಕು? ಸಿಪಿಯು ಕೆಲಸದ ಚಿಕ್ಕ ತುಣುಕಿಗೆ ನಾನು ಅತಿ ಕಡಿಮೆ ಬಂದದ್ದನ್ನು ತೆಗೆದುಕೊಳ್ಳುತ್ತೇನೆ. ಹೊರಗಿನ ಗಲಾಟೆ ಸಮಯವನ್ನು ಹೆಚ್ಚಿಸಬಲ್ಲದು, ಕಡಿಮೆ ಮಾಡಲಾರದು. ಪೈಥಾನ್‌ನ ಟೈಮ್‌ಇಟ್ ದಾಖಲೆಯೂ ಇದೇ ಸಲಹೆ ಕೊಡುತ್ತದೆ. ನೆಟ್‌ವರ್ಕ್, ಡಿಸ್ಕ್ ಸೇರಿದ ಕೆಲಸಕ್ಕೆ ಕನಿಷ್ಠ ಸಾಲದು. ಅಲ್ಲಿ ಮಧ್ಯದ ಅಂಕೆ ಮತ್ತು ಅತಿ ಕೆಟ್ಟ ಅಂಕೆ ಎರಡೂ ಬೇಕು, ಯಾಕೆಂದರೆ ಬಳಸುವವರು ಬೈಯುವುದು ಅತಿ ಕೆಟ್ಟದ್ದಕ್ಕೇ ಅಲ್ವಾ? ಅಂದಹಾಗೆ, ಟೈಮ್‌ಇಟ್ ಅಳೆಯುವಾಗ ಗಾರ್ಬೇಜ್ ಕಲೆಕ್ಟರನ್ನು (ಬೇಡವಾದ ಆಬ್ಜೆಕ್ಟ್‌ಗಳ ಮೆಮೊರಿ ಬಿಡಿಸುವ ಭಾಗ) ತಾನಾಗಿ ಆಫ್ ಮಾಡಿಬಿಡುತ್ತದೆ. ತುಂಬಾ ಆಬ್ಜೆಕ್ಟ್ ಹುಟ್ಟಿಸುವ ಕೋಡ್ ಅಲ್ಲಿ ವೇಗವಾಗಿ ಕಂಡು, ನಿಜವಾದ ಪ್ರೋಗ್ರಾಂನಲ್ಲಿ ನಿಧಾನ ಆಗಲು ಇದೂ ಒಂದು ಕಾರಣ.

ಶೇಕಡಾ 2, 3ರಷ್ಟು ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ಕೋಡ್ ಮುಟ್ಟದೆ, ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗಳ ಒಟ್ಟು ಉದ್ದ ಬದಲಾದರೂ ಪ್ರೋಗ್ರಾಂ ವೇಗ ಬದಲಾಗಬಹುದು ಅಂತ 2009ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಮೆಮೊರಿಯಲ್ಲಿ ಸ್ಟ್ಯಾಕ್ ಕೂರುವ ಜಾಗ ಸ್ವಲ್ಪ ಸರಿಯುವುದರಿಂದ ಹೀಗಾಗುತ್ತದೆ.

ಸಿಪಿಯು ತಿನ್ನುತ್ತಿದೆ, ಎಲ್ಲಿ ಅಂತ ಗೊತ್ತಿಲ್ಲ

ಪ್ರೊಫೈಲರ್ ಹಾಕುವ ಮೊದಲು ಒಂದು ಸುಲಭ ಪರೀಕ್ಷೆ ಮಾಡಿ. ಇನ್‌ಪುಟ್ ಎರಡು ಪಟ್ಟು ಮಾಡಿ, ಸಮಯ ಎಷ್ಟು ಪಟ್ಟಾಯಿತು ನೋಡಿ. ಇದಕ್ಕೆ ಯಾವ ಸಾಧನವೂ ಬೇಡ.

ಒಂದು ಪೈಥಾನ್ ಕೋಡ್ ತೆಗೆದುಕೊಳ್ಳೋಣ. ಕಡತದ ಒಂದೊಂದು ಸಾಲನ್ನೂ ಓದುತ್ತದೆ. ಆ ಸಾಲು ಈಗಾಗಲೇ ಲಿಸ್ಟಿನಲ್ಲಿ ಇದೆಯಾ ಅಂತ ನೋಡುತ್ತದೆ. ಇಲ್ಲದಿದ್ದರೆ ಸೇರಿಸುತ್ತದೆ. ನೋಡಲು ಎರಡೇ ಸಾಲು, ಎಷ್ಟು ಮುಗ್ಧವಾಗಿದೆ! ನನ್ನ ಯಂತ್ರದಲ್ಲಿ 25,000 ಸಾಲಿಗೆ ಸುಮಾರು 6 ಸೆಕೆಂಡ್ ಬಂತು. 50,000ಕ್ಕೆ 25 ಸೆಕೆಂಡ್. ಇನ್‌ಪುಟ್ ಎರಡು ಪಟ್ಟು, ಸಮಯ ನಾಲ್ಕು ಪಟ್ಟು. ಇಲ್ಲಿಗೇ ರೋಗ ಗೊತ್ತಾಯಿತು: ಸಮಯ ಇನ್‌ಪುಟ್‌ನ ವರ್ಗದಂತೆ ಬೆಳೆಯುತ್ತಿದೆ. ಲಿಸ್ಟಿನಲ್ಲಿ "ಇದೆಯಾ" ಅಂತ ಕೇಳಿದರೆ ಪೈಥಾನ್ ಮೊದಲಿನಿಂದ ಒಂದೊಂದಾಗಿ ಹೋಲಿಸಿಕೊಂಡು ಬರುತ್ತದೆ. ಸಾಲುಗಳೆಲ್ಲ ಬೇರೆ ಬೇರೆ ಇದ್ದರೆ 50,000 ಸಾಲಿಗೆ ಹತ್ತಿರಹತ್ತಿರ 125 ಕೋಟಿ ಹೋಲಿಕೆ. ಲಿಸ್ಟ್ ಬದಲು ಸೆಟ್ ಇಟ್ಟರೆ ಹ್ಯಾಶ್ ನೋಡಿ ನೇರವಾಗಿ ಜಾಗಕ್ಕೆ ಹೋಗುತ್ತದೆ. ಅದೇ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಬದಲಿಸಿದ್ದು ಒಂದು ಸಾಲು.

ಎರಡು ಪಟ್ಟಿಗೆ ಎರಡೇ ಪಟ್ಟು ಬಂದರೆ ಆಲ್ಗರಿದಮ್ ಸರಿಯಿದೆ, ಪ್ರತಿ ಹೆಜ್ಜೆ ದುಬಾರಿ ಇರಬಹುದು. ಆಗ ಪ್ರೊಫೈಲರ್.

ಪ್ರೊಫೈಲರ್‌ಗಳಲ್ಲಿ ಎರಡು ಬಗೆ. ಪೈಥಾನ್ ಜೊತೆ ಬರುವ ಸಿಪ್ರೊಫೈಲ್ ಪ್ರತಿ ಫಂಕ್ಷನ್ ಕರೆಯನ್ನೂ ಎಣಿಸುತ್ತದೆ. ಎಣಿಕೆ ಕರಾರುವಾಕ್ಕು. ಆದರೆ ಎಣಿಸುವುದಕ್ಕೂ ಸಮಯ ಬೇಕು, ಹಾಗಾಗಿ ಲಕ್ಷಗಟ್ಟಲೆ ಸಲ ಕರೆಯುವ ಚಿಕ್ಕ ಫಂಕ್ಷನ್‌ಗಳು ಇರುವುದಕ್ಕಿಂತ ಭಾರವಾಗಿ ಕಾಣುತ್ತವೆ. ಲಿನಕ್ಸ್‌ನ ಪರ್ಫ್ ಇನ್ನೊಂದು ಬಗೆ. ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಸಲ ಇಣುಕಿ ನೋಡಿ ಈಗ ಯಾವ ಫಂಕ್ಷನ್ ಓಡುತ್ತಿದೆ ಅಂತ ಗುರುತು ಹಾಕಿಕೊಳ್ಳುತ್ತದೆ. ಪ್ರೋಗ್ರಾಂಗೆ ಹೊರೆ ಕಡಿಮೆ. ಓಡುತ್ತಿರುವ ಸರ್ವರ್ ಮೇಲೆ ನಾನು ಎರಡನೆಯ ಬಗೆಯನ್ನೇ ಹಾಕುತ್ತೇನೆ.

ಪ್ರೊಫೈಲರ್ ವರದಿಯಲ್ಲಿ ಎರಡು ಸಮಯ ಇರುತ್ತದೆ. ಫಂಕ್ಷನ್ ತಾನೇ ಕಳೆದದ್ದು ಒಂದು, ತಾನು ಕರೆದವರದ್ದೂ ಸೇರಿದ್ದು ಇನ್ನೊಂದು. ಎರಡನೆಯದರ ಪ್ರಕಾರ ಜೋಡಿಸಿದರೆ 'ಮೇನ್' ಯಾವಾಗಲೂ ಮೇಲೆಯೇ ಇರುತ್ತದೆ. ಅದನ್ನು ನೋಡಿ ಬೆಚ್ಚಬೇಡಿ.

ಮೆಮೊರಿ: ಯಾವ ಅಂಕೆ ನಿಮ್ಮದು?

ಸಮಯಕ್ಕೆ ಎರಡು ಮೂರು ಗಡಿಯಾರ ಇದ್ದರೆ ಮೆಮೊರಿಗೆ ಅದಕ್ಕಿಂತ ಜಾಸ್ತಿ ಅಳತೆಗಳಿವೆ. ಟಾಪ್ ಕಮಾಂಡಿನಲ್ಲಿ ವರ್ಟ್ ಅಂತ ಒಂದು ಅಂಕಣ, ರೆಸ್ ಅಂತ ಇನ್ನೊಂದು. ಪಿಎಸ್ ಕಮಾಂಡಿನಲ್ಲಿ ಅವೇ ವಿಎಸ್‌ಝಡ್ ಮತ್ತು ಆರ್‌ಎಸ್‌ಎಸ್. ವಿಎಸ್‌ಝಡ್ ಅಂದರೆ ಪ್ರೋಗ್ರಾಂ ಕಾಯ್ದಿರಿಸಿಕೊಂಡ ವಿಳಾಸಗಳ ಒಟ್ಟು. ಆರ್‌ಎಸ್‌ಎಸ್ ಅಂದರೆ ಈಗ ನಿಜವಾಗಿ ರ‍್ಯಾಮ್‌ನಲ್ಲಿ ಕೂತಿರುವುದು. ಸೀಟು ಕಾಯ್ದಿರಿಸುವುದಕ್ಕೂ ಬಂದು ಕೂರುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಇದನ್ನು ಕೈಯಾರೆ ಮಾಡಿ ನೋಡಿದರೆ ಮರೆಯುವುದಿಲ್ಲ. ಸಿ ಭಾಷೆಯಲ್ಲಿ ಮ್ಯಾಲಕ್ ಕರೆದು 1 ಜಿಬಿ ಕೇಳಿ, ಏನೂ ಬರೆಯದೆ ನಿಲ್ಲಿಸಿ. ವಿಎಸ್‌ಝಡ್ 1 ಜಿಬಿ ಏರುತ್ತದೆ, ಆರ್‌ಎಸ್‌ಎಸ್ ಅಲ್ಲಾಡುವುದಿಲ್ಲ. ಈಗ 4 ಕೆಬಿಗೆ ಒಂದರಂತೆ ಒಂದೊಂದು ಬೈಟ್ ಬರೆಯುತ್ತಾ ಹೋಗಿ. ಸಾಮಾನ್ಯ ಪಿಸಿಯಲ್ಲಿ ಒಂದು ಪೇಜ್ ಅಂದರೆ 4 ಕೆಬಿ. ಪೇಜ್ ಮುಟ್ಟಿದ ಮೇಲೆಯೇ ಕರ್ನಲ್ ರ‍್ಯಾಮ್ ಕೊಡುವುದು. ಆರ್‌ಎಸ್‌ಎಸ್ ಕಣ್ಣೆದುರೇ ಏರುತ್ತಾ 1 ಜಿಬಿ ಮುಟ್ಟುತ್ತದೆ. ಹಾಗಾಗಿ "ನನ್ನ ಪ್ರೋಗ್ರಾಂ 20 ಜಿಬಿ ತಿನ್ನುತ್ತಿದೆ" ಅಂತ ವರ್ಟ್ ಅಂಕಣ ನೋಡಿ ಹೇಳಿದರೆ ಮೊದಲು ರೆಸ್ ಎಷ್ಟಿದೆ ಅಂತ ಕೇಳಿ.

ಆರ್‌ಎಸ್‌ಎಸ್‌ಗೂ ಒಂದು ಕೊರತೆ ಇದೆ. ಹಲವು ಪ್ರೊಸೆಸ್‌ಗಳು ಹಂಚಿಕೊಂಡ ಲೈಬ್ರರಿಯನ್ನು ಅದು ಎಲ್ಲರ ಲೆಕ್ಕಕ್ಕೂ ಪೂರ್ತಿ ಸೇರಿಸುತ್ತದೆ. ಒಂದೇ ಸರ್ವರಿನ 16 ವರ್ಕರ್‌ಗಳ ಆರ್‌ಎಸ್‌ಎಸ್ ಕೂಡಿದರೆ ಯಂತ್ರದ ರ‍್ಯಾಮ್‌ಗಿಂತ ಜಾಸ್ತಿ ಬಂದರೂ ಆಶ್ಚರ್ಯವಿಲ್ಲ. ಅಲ್ಲಿ ಪಿಎಸ್‌ಎಸ್ ನೋಡಿ. ಹಂಚಿಕೊಂಡದ್ದನ್ನು ಅದು ಪಾಲು ಮಾಡಿ ಎಣಿಸುತ್ತದೆ. ಪ್ರೊಸೆಸ್‌ನ 'ಎಸ್‌ಮ್ಯಾಪ್ಸ್' ಕಡತದಲ್ಲಿ ಸಿಗುತ್ತದೆ.

ಇವೆಲ್ಲ ಈ ಕ್ಷಣದ ಅಂಕೆಗಳು. ಪ್ರೋಗ್ರಾಂ ಬೀಳುವುದು ಮಾತ್ರ ಅತಿ ಎತ್ತರದ ಕ್ಷಣದಲ್ಲಿ. ಆ ಎತ್ತರ ಬೇಕಾದರೆ ಗ್ನೂ ಟೈಮ್‌ಗೆ 'ವಿ' ಆಯ್ಕೆ ಕೊಡಿ, 'ಮ್ಯಾಕ್ಸಿಮಮ್ ರೆಸಿಡೆಂಟ್ ಸೆಟ್ ಸೈಜ್' ಅಂತ ಒಂದು ಸಾಲು ಬರುತ್ತದೆ. 'ವಿ' ಕೊಟ್ಟರೆ ಎರರ್ ಬರುತ್ತಿದೆಯಾ? ಬ್ಯಾಶ್ ಒಳಗೇ ಟೈಮ್ ಅಂತ ಇನ್ನೊಂದಿದೆ, ಅದಕ್ಕೆ ಈ ಆಯ್ಕೆ ಗೊತ್ತಿಲ್ಲ. ಗ್ನೂ ಟೈಮ್‌ನ ಪೂರ್ತಿ ಪಾತ್ ಕೊಟ್ಟು ಕರೆಯಿರಿ. ಅದೂ ಸಿಗದಿದ್ದರೆ ಪ್ಯಾಕೇಜ್ ಇನ್‌ಸ್ಟಾಲ್ ಆಗಿಲ್ಲ.

ಪ್ರೋಗ್ರಾಂ ಒಳಗಿಂದಲೇ ಈ ಎತ್ತರ ಕೇಳಲು 'ಗೆಟ್‌ಆರ್‌ಯೂಸೇಜ್' ಇದೆ. ಅದು ಲಿನಕ್ಸ್‌ನಲ್ಲಿ ಕಿಲೋಬೈಟ್‌ನಲ್ಲಿ ಉತ್ತರ ಕೊಡುತ್ತದೆ, ಮ್ಯಾಕ್‌ನಲ್ಲಿ ಬೈಟ್‌ನಲ್ಲಿ. ಮ್ಯಾಕ್‌ನಲ್ಲಿ ಅದೇ ಪ್ರೋಗ್ರಾಂ ಸಾವಿರ ಪಟ್ಟು ಮೆಮೊರಿ ತಿನ್ನುತ್ತಿದೆ ಅಂತ ಯಾರಾದರೂ ಓಡಿಬಂದರೆ ಕಾರಣ ಇದೇ.

ಪೈಥಾನ್‌ನಲ್ಲಿ ಇನ್ನೊಂದು ತಪ್ಪು ತುಂಬಾ ಸಾಮಾನ್ಯ. ಸಿಸ್ ಮಾಡ್ಯೂಲಿನ 'ಗೆಟ್‌ಸೈಜ್‌ಆಫ್' ಹೊರಗಿನ ಡಬ್ಬಿಯನ್ನು ಮಾತ್ರ ತೂಗುತ್ತದೆ, ಒಳಗಿನ ಸಾಮಾನನ್ನು ತೂಗುವುದಿಲ್ಲ. 10 ಲಕ್ಷ ಬೇರೆ ಬೇರೆ ಸಂಖ್ಯೆಗಳ ಲಿಸ್ಟಿಗೆ ಅದು ಸುಮಾರು 8 ಎಂಬಿ ಅನ್ನುತ್ತದೆ, ಅಂದರೆ 8 ಬೈಟ್‌ನ 10 ಲಕ್ಷ ಪಾಯಿಂಟರ್. ಆ ಪಾಯಿಂಟರ್ ತುದಿಯಲ್ಲಿರುವ ಒಂದೊಂದು ಪೂರ್ಣಾಂಕವೂ 28 ಬೈಟ್‌ನ ಪ್ರತ್ಯೇಕ ಆಬ್ಜೆಕ್ಟ್. ಅವನ್ನೂ ಸೇರಿಸಿದರೆ 36 ಎಂಬಿ ದಾಟುತ್ತದೆ. ಅದೇ ಸಂಖ್ಯೆಗಳನ್ನು ನಮ್‌ಪೈ ಅರೇಯಲ್ಲಿ 64 ಬಿಟ್‌ನಂತೆ ಇಟ್ಟರೆ ಒಟ್ಟಾರೆ 8 ಎಂಬಿ ಸಾಕು.

ಮೆಮೊರಿ ಏರಿತು, ಇಳಿಯುತ್ತಿಲ್ಲ

ಇದನ್ನು ಕಂಡ ಕೂಡಲೇ ಲೀಕ್ (ಪಡೆದ ಮೆಮೊರಿಯನ್ನು ಬಿಡದೆ ಸೋರಿಕೆ) ಅಂತ ಕೂಗುವುದು ಬೇಡ. ಫ್ರೀ ಮಾಡಿದ ಮೆಮೊರಿಯನ್ನು ಅಲೊಕೇಟರ್ (ಪ್ರೋಗ್ರಾಂಗೆ ಮೆಮೊರಿ ಹಂಚುವ ಭಾಗ) ಆಪರೇಟಿಂಗ್ ಸಿಸ್ಟಮ್‌ಗೆ ತಕ್ಷಣ ಹಿಂದಿರುಗಿಸಲೇಬೇಕು ಅಂತೇನಿಲ್ಲ. ಮುಂದೆ ಬೇಕಾಗುತ್ತದೆ ಅಂತ ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ದೊಡ್ಡ ತುಂಡುಗಳು ಬೇರೆಯಾಗಿ ಬಂದು ಬೇರೆಯಾಗಿಯೇ ವಾಪಸ್ ಹೋಗುತ್ತವೆ. ಶುರುವಿನಲ್ಲಿ ಅದರ ಗಡಿ 128 ಕೆಬಿ. ಚಿಕ್ಕ ತುಂಡುಗಳು ಹೀಪ್‌ನಲ್ಲೇ (ಪ್ರೋಗ್ರಾಂ ಓಡುವಾಗ ಪಡೆಯುವ ಮೆಮೊರಿಯ ಜಾಗ) ಉಳಿಯುತ್ತವೆ. 'ಮ್ಯಾಲಕ್ ಟ್ರಿಮ್' ಕರೆದು ನೋಡಿ. ಆರ್‌ಎಸ್‌ಎಸ್ ದಡಕ್ಕನೆ ಇಳಿದರೆ ಅದು ಲೀಕ್ ಆಗಿರಲಿಲ್ಲ.

ನಿಜವಾದ ಲೀಕ್ ಗುರುತಿಸಲು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿ. ನೂರು ಸಲ, ಇನ್ನೂರು ಸಲ, ನಾನೂರು ಸಲ. ಮೆಮೊರಿ ಏರಿ ಒಂದು ಮಟ್ಟದಲ್ಲಿ ನಿಂತರೆ ಅದು ಕ್ಯಾಶ್ ಅಥವಾ ಅಲೊಕೇಟರ್. ಸಲ ಹೆಚ್ಚಿದಂತೆ ಅದೇ ಲೆಕ್ಕದಲ್ಲಿ ಏರುತ್ತಲೇ ಹೋದರೆ ಲೀಕ್. ಜಾವಾದಂಥ ಭಾಷೆಯಲ್ಲಿ ಗ್ರಾಫ್ ಗರಗಸದ ಹಲ್ಲಿನಂತೆ ಏರಿ ಇಳಿಯುತ್ತದೆ. ಅಲ್ಲಿ ಹಲ್ಲಿನ ತುದಿ ನೋಡಬೇಡಿ, ಬುಡ ನೋಡಿ. ಪ್ರತಿ ಕಲೆಕ್ಷನ್ ಆದ ಮೇಲೆ ಉಳಿಯುವ ಬುಡ ಮೇಲೇರುತ್ತಿದ್ದರೆ ಯಾರೋ ಆಬ್ಜೆಕ್ಟ್‌ಗಳನ್ನು ಹಿಡಿದಿಟ್ಟುಕೊಂಡಿದ್ದಾರೆ. ನಾನು ನೋಡಿದ್ದರಲ್ಲಿ ಹೆಚ್ಚಿನ ಸಲ ಅಪರಾಧಿ ಒಂದು ಗ್ಲೋಬಲ್ ಡಿಕ್ಷನರಿ. ಕ್ಯಾಶ್ ಅಂತ ಹೆಸರು, ಹಳೆಯದನ್ನು ತೆಗೆಯುವ ಸಾಲು ಮಾತ್ರ ಯಾರೂ ಬರೆದಿರುವುದಿಲ್ಲ.

ಯಾವ ಸಾಲು ಅಂತ ಹಿಡಿಯಲು ಪೈಥಾನ್ 3.4ರಿಂದ ಟ್ರೇಸ್‌ಮ್ಯಾಲಕ್ ಇದೆ. ಪ್ರೋಗ್ರಾಂ ಆರಂಭದಲ್ಲೇ ಶುರು ಮಾಡಿ. ಆಮೇಲೆ ಶುರು ಮಾಡಿದರೆ ಅದಕ್ಕಿಂತ ಮೊದಲು ಪಡೆದದ್ದು ಅದಕ್ಕೆ ಕಾಣುವುದಿಲ್ಲ. ನೂರು ಸುತ್ತು ಆದ ಮೇಲೆ ಒಂದು ಸ್ನ್ಯಾಪ್‌ಶಾಟ್, ಇನ್ನೂರು ಆದ ಮೇಲೆ ಇನ್ನೊಂದು ತೆಗೆದು ಹೋಲಿಸಿ. ಪಟ್ಟಿಯ ತಲೆಯಲ್ಲಿ ಸಾಲಿನ ಸಂಖ್ಯೆ ಸಮೇತ ಉತ್ತರ ಇರುತ್ತದೆ. ಆರ್‌ಎಸ್‌ಎಸ್ ಏರುತ್ತಿದ್ದು ಟ್ರೇಸ್‌ಮ್ಯಾಲಕ್ ಏನೂ ಇಲ್ಲ ಅಂದರೆ, ಪೈಥಾನ್ ಹೊರಗೆ ನೇರವಾಗಿ ಮೆಮೊರಿ ಪಡೆಯುವ ಯಾವುದಾದರೂ ಸಿ ಲೈಬ್ರರಿ ಮೇಲೆ ಅನುಮಾನ ಪಡಿ. ಅಲ್ಲಿಗೆ ವಾಲ್‌ಗ್ರಿಂಡ್ ಬೇಕು. ಅದರಲ್ಲಿರುವ ಸಾಧನಗಳ ಪೈಕಿ ಮೆಮ್‌ಚೆಕ್ ಲೀಕ್ ಹೇಳುತ್ತದೆ, ಮ್ಯಾಸಿಫ್ ಯಾವಾಗ ಎಷ್ಟು ಏರಿತು ಅಂತ ಹೇಳುತ್ತದೆ.

ಒಂದು ಮಾತು. ಮೆಮ್‌ಚೆಕ್ ಅಡಿಯಲ್ಲಿ ಪ್ರೋಗ್ರಾಂ 10ರಿಂದ 50 ಪಟ್ಟು ನಿಧಾನ ಓಡುತ್ತದೆ. ಟ್ರೇಸ್‌ಮ್ಯಾಲಕ್ ಕೂಡ ಸಮಯವನ್ನೂ ತಿನ್ನುತ್ತದೆ, ಮೆಮೊರಿಯನ್ನೂ ತಿನ್ನುತ್ತದೆ. ಸಮಯ ಮತ್ತು ಮೆಮೊರಿಯನ್ನು ಒಂದೇ ಓಟದಲ್ಲಿ ಅಳೆಯಬೇಡಿ. ಎರಡು ಸಲ ಓಡಿಸಿ.

ಪ್ರೋಗ್ರಾಂ ಸದ್ದಿಲ್ಲದೆ ಸತ್ತಿತು

ಎರರ್ ಇಲ್ಲ, ಲಾಗ್ ಇಲ್ಲ, "ಕಿಲ್ಡ್" ಅನ್ನುವ ಒಂದು ಪದ ಮಾತ್ರ. ಎಕ್ಸಿಟ್ ಕೋಡ್ 137 ಇದೆಯಾ ನೋಡಿ. 128ಕ್ಕೆ 9 ಸೇರಿಸಿದರೆ 137, ಅಂದರೆ 9ನೇ ಸಿಗ್ನಲ್ ಬಂದು ಕೊಂದಿದೆ. ಮೆಮೊರಿ ಮುಗಿದಾಗ ಕರ್ನಲ್‌ನ ಊಮ್ (ಔಟ್ ಆಫ್ ಮೆಮೊರಿ) ಕಿಲ್ಲರ್ ಮಾಡುವ ಕೆಲಸ ಇದು. ಬೇರೆ ಯಾರಾದರೂ ಅದೇ ಸಿಗ್ನಲ್ ಕಳಿಸಿರಲೂಬಹುದು, ಹಾಗಾಗಿ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಕಮಾಂಡಿನಲ್ಲಿ ಖಚಿತ ಮಾಡಿಕೊಳ್ಳಿ. ಯಾವ ಪ್ರೊಸೆಸ್ ಸತ್ತಿತು, ಆಗ ಅದರ ಆರ್‌ಎಸ್‌ಎಸ್ ಎಷ್ಟಿತ್ತು ಅಂತ ಅಲ್ಲಿ ಬರೆದಿರುತ್ತದೆ.

ಕಂಟೈನರ್ (ಡಾಕರ್‌ನಂಥ, ಪ್ರೋಗ್ರಾಂ ಅನ್ನು ಪ್ರತ್ಯೇಕವಾಗಿ ಓಡಿಸುವ ಆವರಣ) ಒಳಗಾದರೆ, ಮೆಮೊರಿ ಎಷ್ಟಿದೆ ಅಂತ ತೋರಿಸುವ ಫ್ರೀ ಕಮಾಂಡನ್ನು ನಂಬಬೇಡಿ. ಅದು ಸಾಮಾನ್ಯವಾಗಿ ಇಡೀ ಯಂತ್ರದ ಮೆಮೊರಿ ತೋರಿಸುತ್ತದೆ. ನಿಮಗೆ ಹಾಕಿರುವ ಮಿತಿ ಸಿಗ್ರೂಪ್ (ಪ್ರೊಸೆಸ್‌ಗಳಿಗೆ ಮಿತಿ ಹಾಕುವ ಕರ್ನಲ್ ವ್ಯವಸ್ಥೆ) ಕಡತಗಳಲ್ಲಿ ಇರುತ್ತದೆ. 64 ಜಿಬಿ ಕಾಣುತ್ತಿದ್ದರೂ 512 ಎಂಬಿ ದಾಟಿದ ಕ್ಷಣ ಪ್ರೋಗ್ರಾಂ ಸಾಯಬಹುದು. ಹಳೆಯ ಜಾವಾ ಆವೃತ್ತಿಗಳೂ ಇದೇ ಮೋಸಕ್ಕೆ ಬೀಳುತ್ತಿದ್ದವು. ಯಂತ್ರದ ಪೂರ್ತಿ ರ‍್ಯಾಮ್ ನೋಡಿ ಹೀಪ್ ಗಾತ್ರ ಇಟ್ಟುಕೊಳ್ಳುತ್ತಿದ್ದವು. ಜಾವಾ 10ರಿಂದ ಕಂಟೈನರ್ ಮಿತಿ ಅದಕ್ಕೆ ಕಾಣುತ್ತದೆ, ಜಾವಾ 8ಕ್ಕೂ ಅಪ್‌ಡೇಟ್ 191ರಲ್ಲಿ ಅದನ್ನು ತಂದರು.

ಬೇರೆಯವರನ್ನು ಕೇಳುವ ಮೊದಲು

ಇಷ್ಟಾದರೂ ಸಿಗದಿದ್ದರೆ ಸಹಾಯ ಕೇಳಬೇಕು. "ನಿಧಾನ ಇದೆ" ಅಂತ ಕೇಳಿದರೆ ಯಾರಿಗೂ ಏನೂ ಹೇಳಲು ಆಗುವುದಿಲ್ಲ. ನಾನು ನನ್ನ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುವುದು ಹೀಗೆ. ಇದನ್ನೇ ಹಾಗೆಯೇ ಕಳಿಸುತ್ತೇನೆ:

ಕೆಲಸ: ಒಂದೇ ಥರದ ಸಾಲು ತೆಗೆಯುವುದು. ಇನ್‌ಪುಟ್ 50,000 ಸಾಲು, ಎಲ್ಲವೂ ಬೇರೆ ಬೇರೆ. 5 ಸಲ ಓಡಿಸಿದೆ, ಮೊದಲನೆಯದು ಬಿಟ್ಟೆ. ರಿಯಲ್ ಕನಿಷ್ಠ 25.1, ಗರಿಷ್ಠ 26.0. ಯೂಸರ್ 24.9. ಗರಿಷ್ಠ ಆರ್‌ಎಸ್‌ಎಸ್ 18 ಎಂಬಿ, ಬೇರೆ ಓಟದಲ್ಲಿ ಅಳೆದದ್ದು. ಇನ್‌ಪುಟ್ ಅರ್ಧ ಮಾಡಿದರೆ 6.3 ಸೆಕೆಂಡ್. ಚಾರ್ಜರ್ ಹಾಕಿತ್ತು, ಬ್ರೌಸರ್ ಮುಚ್ಚಿತ್ತು.

ಇದನ್ನು ಓದಿದವರು ಕೋಡ್ ತೆರೆಯುವ ಮೊದಲೇ ಕೇಳುತ್ತಾರೆ: "ಒಳಗೆ ಲಿಸ್ಟ್ ಇಟ್ಟಿದ್ದೀರಾ?"